ಫ್ಯೂಚುರಾದ ‘ಓ’ ನಿಜಕ್ಕೂ ದುಂಡಗಿದೆಯಾ?

ಪ್ರಶ್ನೆ: 1920ರ ದಶಕದ ಜರ್ಮನ್ ಪೋಸ್ಟರ್‌ಗಳ ಥರದ ಇಂಗ್ಲಿಷ್ ಫಾಂಟ್ ಮಾಡುತ್ತಿದ್ದೇನೆ. ವೃತ್ತ, ಗೆರೆ ಎಲ್ಲ ಅಳತೆಗೆ ಸರಿಯಾಗಿವೆ. ಆದರೂ ಆ ಕಾಲದ ಜರ್ಮನ್ ಫಾಂಟ್ ಫ್ಯೂಚುರಾದ ಕಳೆ ಬರುತ್ತಿಲ್ಲ, ಯಾಕೆ? ಮಾದರಿ ಕಳಿಸಿದ್ದೇನೆ.

ಅಳತೆಗೆ ಸರಿಯಾಗಿರುವುದೇ ತೊಂದರೆ. ಫ್ಯೂಚುರಾ ಅಂದರೆ ಕೈವಾರ ಮತ್ತು ಸ್ಕೇಲು ಅಂತ ಅರ್ಧಂಬರ್ಧ ಕಲಿತವರು ವಿಡಿಯೋ ಮಾಡಿ ಹಾಕುತ್ತಾರೆ. ನೀವು ನಂಬುತ್ತೀರಿ, ಆಮೇಲೆ ನನಗೆ ಬರೆಯುತ್ತೀರಿ. ಅದನ್ನು ರೂಪಿಸಿದ ಪಾಲ್ ರೆನ್ನರ್ ಶುರುವಿನಲ್ಲಿ ಬರೀ ವೃತ್ತ, ಚೌಕಗಳ ವಿಚಿತ್ರ ಅಕ್ಷರಗಳನ್ನು ಬರೆದು ನೋಡಿದ್ದು ನಿಜ. ಆದರೆ 1927ರಲ್ಲಿ ಫ್ರಾಂಕ್‌ಫರ್ಟಿನ ಬಾವರ್ ಫೌಂಡ್ರಿ ಮಾರಾಟಕ್ಕೆ ಬಿಟ್ಟ ಅಚ್ಚಿನ ಮೊಳೆಗಳಲ್ಲಿ ಅವನ್ನೆಲ್ಲ ಕಣ್ಣಿಗೆ ಹೊಂದುವ ಹಾಗೆ ತಿದ್ದಲಾಗಿತ್ತು.

ಫ್ಯೂಚುರಾದ ಸಣ್ಣ ‘ಬಿ’ಯನ್ನು ಒಂದು ಎ4 ಹಾಳೆ ತುಂಬ ಪ್ರಿಂಟ್ ತೆಗೆಯಿರಿ. ಹೊಟ್ಟೆ ಬಂದು ಕಂಬಕ್ಕೆ ಸೇರುವ ಜಾಗ ನೋಡಿ. ಅಲ್ಲಿ ಗೆರೆ ತೆಳುವಾಗಿದೆ, ಅಲ್ವಾ? ನಿಮ್ಮದರಲ್ಲಿ ಪೂರ್ತಿ ವೃತ್ತಕ್ಕೆ ಕಂಬ ಅಂಟಿಸಿದ್ದೀರಿ. ಹಾಗಾಗಿ ಸೇರುವ ಜಾಗದಲ್ಲಿ ಶಾಯಿ ಗಂಟು ಕಟ್ಟಿದ ಹಾಗೆ ಕಪ್ಪು ಮಚ್ಚೆ ಕಾಣುತ್ತದೆ. ‘ಓ’ ಕೂಡ ಅಷ್ಟೇ. ಒಂದೇ ದಪ್ಪದಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದರೆ ಅಡ್ಡಗೆರೆಯೇ ದಪ್ಪ ಕಾಣುತ್ತದೆ. ಅದಕ್ಕೇ ಮೇಲೆ, ಕೆಳಗೆ ಒಂದು ಚೂರು ತೆಳು ಮಾಡಬೇಕು. ದುಂಡನೆಯ ಅಕ್ಷರ ಪಕ್ಕದ ‘ಎಚ್’ಗಿಂತ ಮೇಲೂ ಕೆಳಗೂ ಸ್ವಲ್ಪ ಚಾಚಿರಬೇಕು, ಇಲ್ಲದಿದ್ದರೆ ಗಿಡ್ಡ ಕಾಣುತ್ತದೆ. ದೊಡ್ಡಕ್ಷರ 700 ಯೂನಿಟ್ (ಫಾಂಟ್ ಮಾಡುವ ತಂತ್ರಾಂಶದ ಅಳತೆ) ಎತ್ತರ ಇದ್ದರೆ ನಾನು ಈ ಚಾಚನ್ನು 10 ಯೂನಿಟ್‌ನಿಂದ ಶುರು ಮಾಡುತ್ತೇನೆ. ಚೂಪು ತುದಿಯ ‘ಎ’ಗೆ ಇನ್ನೂ ಜಾಸ್ತಿ ಬೇಕು.

ಆಮೇಲೆ ಅಗಲ. ನಿಮ್ಮ ದೊಡ್ಡಕ್ಷರಗಳೆಲ್ಲ ಒಂದೇ ಅಗಲ ಇವೆ. ಫ್ಯೂಚುರಾದಲ್ಲಿ ‘ಇ’, ‘ಎಫ್’, ‘ಎಲ್’ ಕಿರಿದು, ‘ಓ’, ‘ಜಿ’ ಅಗಲ. ಹಳೇ ರೋಮನ್ ಶಿಲಾಶಾಸನಗಳ ಅಳತೆ ಅದು. ನೀವು ಹುಡುಕುತ್ತಿರುವ ಹಳೇ ಕಾಲದ ಕಳೆ ಅರ್ಧಕ್ಕರ್ಧ ಇಲ್ಲೇ ಇದೆ. ಪೋಸ್ಟರ್ ಮೇಲೆ ಧೂಳು, ಗೀರು ಹಚ್ಚಿದರೆ ಅದು ಬರುವುದಿಲ್ಲ. ಸಣ್ಣಕ್ಷರಗಳ ಮೈ ಗಿಡ್ಡ ಇಡಿ, ‘ಬಿ’, ‘ಡಿ’ಗಳ ಕಂಬ ದೊಡ್ಡಕ್ಷರಕ್ಕಿಂತ ಎತ್ತರ ಹೋಗಲಿ. ಇಷ್ಟು ಮಾಡಿ, ಒಂದು ಸಾಲು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ.

ಪ್ರಶ್ನೆ: ಫ್ಯೂಚುರಾ ಜರ್ಮನಿಯ ಬೌಹೌಸ್ ಕಲಾಶಾಲೆಯ ಫಾಂಟ್ ತಾನೇ?

ಅಲ್ಲ. ರೆನ್ನರ್ ಅಲ್ಲಿ ಪಾಠ ಮಾಡಿದವರೇ ಅಲ್ಲ.

ಪ್ರಶ್ನೆ: ಇಡೀ ಪುಸ್ತಕಕ್ಕೆ ಬಳಸಬಹುದೇ?

ನಾನಂತೂ ಬಳಸುವುದಿಲ್ಲ. ಸಣ್ಣ ‘ಎ’ ಮತ್ತು ‘ಓ’ ಒಂದೇ ಥರ ದುಂಡಗಿವೆ, ನಾಲ್ಕು ಪುಟಕ್ಕೆ ಕಣ್ಣು ಸೋಲುತ್ತದೆ. ತಲೆಬರಹಕ್ಕೆ ಧಾರಾಳವಾಗಿ ಹಾಕಿ.

ಪ್ರಶ್ನೆ: ಕನ್ನಡ ಅಕ್ಷರಗಳನ್ನೂ ವೃತ್ತದಲ್ಲೇ ಬರೆದರೆ ಹೇಗೆ?

‘ಠ’, ‘ರ’ ಬರೆದು ಖುಷಿಪಡುತ್ತೀರಿ. ‘ಕ್ಷ’, ‘ಳ’, ಒತ್ತಕ್ಷರ ಬಂದಾಗ ಗೊತ್ತಾಗುತ್ತದೆ. ಮೊದಲು ಅವನ್ನೇ ಬರೆದು ಕಳಿಸಿ, ಆಮೇಲೆ ಮಾತಾಡೋಣ.