ಓದುಗರ ಪ್ರಶ್ನೆ: ಕೃತಕ ಕೈ ತಾನಾಗಿ ನಡುಗುವುದೇಕೆ?

ಪ್ರಶ್ನೆ: ಮೊಣಕೈ ಕೆಳಗೆ ಕೈ ಕಳೆದುಕೊಂಡವರಿಗಾಗಿ, ಸ್ನಾಯುವಿನ ಸಂಕೇತದಿಂದ ನಡೆಯುವ ಕೈಯನ್ನು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಮಾಡುತ್ತಿದ್ದೇವೆ. ಆರ್ಡುಯಿನೊ ಊನೊ (ಕೋಡ್ ತುಂಬಿ ನಡೆಸುವ ಸಣ್ಣ ನಿಯಂತ್ರಣ ಬೋರ್ಡ್), ಎಂಜಿ996ಆರ್ ಸರ್ವೊ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್), ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತ) ಸೆನ್ಸರ್ ಬಳಸಿದ್ದೇವೆ. ಬೆರಳು ಮುಚ್ಚುವಾಗ ಬೋರ್ಡ್ ರೀಸೆಟ್ ಆಗುತ್ತದೆ, ಸುಮ್ಮನಿದ್ದಾಗಲೂ ಬೆರಳು ನಡುಗುತ್ತದೆ. ಕೋಡ್ ತಿದ್ದಿ ಸಾಕಾಗಿದೆ.
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಇವು ಎರಡು ಬೇರೆ ಬೇರೆ ದೋಷಗಳು. ರೀಸೆಟ್‌ಗೂ ಕೋಡ್‌ಗೂ ಬಹುಶಃ ಸಂಬಂಧವಿಲ್ಲ. ಈ ಸರ್ವೊ ಬಿಗಿಹಿಡಿದು ನಿಂತಾಗ 6 ವೋಲ್ಟ್‌ನಲ್ಲಿ ಸುಮಾರು 2.5 ಆಂಪಿಯರ್ ಎಳೆಯುತ್ತದೆ. ನೀವು ಸರ್ವೊಗೆ ಬೋರ್ಡ್‌ನಿಂದಲೇ ವಿದ್ಯುತ್ ಕೊಡುತ್ತಿರಬೇಕು; ಊನೊದ ಯುಎಸ್‌ಬಿ ಫ್ಯೂಸ್ ಇರುವುದೇ 500 ಮಿಲಿಆಂಪಿಯರ್‌ಗೆ. ಲೋಟ ಹಿಡಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ಮೊದಲಿನಿಂದ ಶುರುವಾಗುತ್ತದೆ. 7.4 ವೋಲ್ಟ್ ಲಿಥಿಯಂ ಬ್ಯಾಟರಿಗೆ 5 ಆಂಪಿಯರ್ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸಾಧನ) ಸೇರಿಸಿ, 6 ವೋಲ್ಟ್‌ಗೆ ಹೊಂದಿಸಿ, ಸರ್ವೊಗೆ ನೇರ ಕೊಡಿ. ಸರ್ವೊ ಪಕ್ಕದಲ್ಲೇ 1000 ಮೈಕ್ರೊಫ್ಯಾರಡ್, 16 ವೋಲ್ಟ್ ಕೆಪಾಸಿಟರ್ ಇರಲಿ. ಬೋರ್ಡ್ ಮತ್ತು ಬ್ಯಾಟರಿಯ ಗ್ರೌಂಡ್ (ಋಣ ತಂತಿ) ಒಂದಾಗಿರಲೇಬೇಕು. ಇದನ್ನು ಮರೆತರೆ ಸರ್ವೊ ಮನಬಂದಂತೆ ಕುಣಿಯುತ್ತದೆ. ಹಿಡಿತ ಸಿಕ್ಕ ಮೇಲೂ ಪೂರ್ತಿ ಮುಚ್ಚುವ ಆದೇಶ ಮುಂದುವರಿದರೆ ಮೋಟರ್ ಸುಡುತ್ತದೆ. ಆದ್ದರಿಂದ ಬೆರಳೆಳೆಯುವ ದಾರದ ನಡುವೆ ಸಣ್ಣ ಸ್ಪ್ರಿಂಗ್ ಹಾಕಿ, ಹಿಡಿತ ಸಿಕ್ಕ ಮೇಲೆ ಸರ್ವೊದ ಕೋನವನ್ನು ನಾಲ್ಕೈದು ಡಿಗ್ರಿ ಹಿಂದಕ್ಕೆ ತನ್ನಿ.

ಇನ್ನು ನಡುಕ. ಚರ್ಮದ ಮೇಲೆ ಸಿಗುವ ಇಎಂಜಿ ಹೆಚ್ಚಾಗಿ 20ರಿಂದ 450 ಹರ್ಟ್ಸ್ ನಡುವೆ ಇರುತ್ತದೆ. ಸೆನ್ಸರ್ ಕಚ್ಚಾ ಸಂಕೇತ ಕೊಡುವಂಥದ್ದಾದರೆ ಸೆಕೆಂಡಿಗೆ 1000 ಸಲ ಓದಬೇಕು. ಕೋಡ್‌ನಲ್ಲಿ ಮತ್ತೆ ಮತ್ತೆ ಓಡುವ ಭಾಗವಾದ ಲೂಪ್‌ನಲ್ಲಿ 15 ಮಿಲಿಸೆಕೆಂಡಿನ ಡಿಲೇ (ತಡೆ) ಒಂದಿದ್ದರೂ ಸೆಕೆಂಡಿಗೆ 66 ಸಲಕ್ಕಿಂತ ಹೆಚ್ಚು ಓದಲಾಗದು. ಬೋರ್ಡ್‌ನೊಳಗಿನ ಸಮಯ ಎಣಿಸುವ ಟೈಮರ್ ಹಾಕಿ ಓದುವುದಾದರೆ ಟೈಮರ್ 2 ಬಳಸಿ. ಊನೊದಲ್ಲಿ ಸರ್ವೊ ಲೈಬ್ರರಿ ಟೈಮರ್ 1 ಅನ್ನು ಹಿಡಿದಿರುತ್ತದೆ. ಓದಿದ ಬೆಲೆಗಳಿಂದ ಮಧ್ಯಮಟ್ಟ (ಸ್ನಾಯು ಸುಮ್ಮನಿದ್ದಾಗಿನ ಬೆಲೆ) ಕಳೆದು, ಋಣ ಬೆಲೆಗಳನ್ನು ಧನವಾಗಿಸಿ, 150 ಮಿಲಿಸೆಕೆಂಡಿನ ಸರಾಸರಿ ತೆಗೆಯಿರಿ. ಮುಚ್ಚಲು, ತೆರೆಯಲು ಒಂದೇ ಮಿತಿ ಇಟ್ಟರೆ ಸಂಕೇತ ಅದರ ಆಚೀಚೆ ಓಲಾಡಿ ಬೆರಳು ನಡುಗುತ್ತದೆ. ಗರಿಷ್ಠ ಬಿಗಿತದ ಶೇ 40 ದಾಟಿದಾಗ ಮುಚ್ಚಲಿ, ಶೇ 25ಕ್ಕಿಂತ ಇಳಿದಾಗ ತೆರೆಯಲಿ. ಈ ಅಂಕಿಗಳು ಆರಂಭಕ್ಕೆ ಮಾತ್ರ, ಬಳಸುವವರ ತೋಳಿನ ಮೇಲೆ ಹೊಂದಿಸಿ.

ಸಂಕೇತ ಹಿಡಿಯಲು ಚರ್ಮಕ್ಕೆ ಅಂಟಿಸುವ ಎರಡು ಎಲೆಕ್ಟ್ರೋಡ್‌ಗಳನ್ನು ಸ್ನಾಯುವಿನ ಉದ್ದಕ್ಕೆ, ಕೇಂದ್ರದಿಂದ ಕೇಂದ್ರಕ್ಕೆ 2 ಸೆಂ.ಮೀ. ಅಂತರದಲ್ಲಿ ಅಂಟಿಸಿ, ಮೂರನೆಯದು ಮೊಣಕೈ ಮೂಳೆಯ ಮೇಲಿರಲಿ. ಜೆಲ್ ಒಣಗಿದ್ದರೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಸಂಕೇತವನ್ನೇ ನುಂಗುತ್ತದೆ. ವ್ಯಕ್ತಿಗೆ ಎಲೆಕ್ಟ್ರೋಡ್ ಅಂಟಿಸಿದಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ. ಇದು ಗುಂಯ್‌ಗೆ ಮಾತ್ರವಲ್ಲ, ಜೀವದ ಸುರಕ್ಷತೆಗೂ.

ಪ್ರಶ್ನೆ: ಪಾರ್ಶ್ವವಾಯು ಆದ ಅಮ್ಮನಿಗೆ ಬಲಗೈ ಹಿಡಿತ ಕಡಿಮೆ. ನಡುಕ ತಡೆಯುವ ಮೋಟರ್ ಚಮಚ ಕೊಳ್ಳಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಅದು ನಡುಕಕ್ಕೆ, ಹಿಡಿತಕ್ಕಲ್ಲ. ಏಸಿ ರಿಪೇರಿಯವರು ತಾಮ್ರದ ಕೊಳವೆಗೆ ಹೊದಿಸುವ ಕಪ್ಪು ಫೋಮ್ ಟ್ಯೂಬ್ ತಂದು, ಹಗುರ ಚಮಚದ ಹಿಡಿಗೆ ತೊಡಿಸಿ. ದಪ್ಪ ಸುಮಾರು 3 ಸೆಂ.ಮೀ. ಇರಲಿ. ಬೆರಳು ಮಡಚುವುದೇ ಆಗದಿದ್ದರೆ ಅಂಗೈಗೆ ಸುತ್ತುವ ವೆಲ್ಕ್ರೊ ಪಟ್ಟಿಯಲ್ಲಿ ಚಮಚಕ್ಕೊಂದು ಜೇಬು ಹೊಲಿಸಿ. ಪಟ್ಟಿ ಬಿಗಿಯಾಗಿ ಚರ್ಮ ಕೆಂಪಾಗಿದೆಯೇ ಎಂದು ಪ್ರತಿ ಊಟದ ನಂತರ ನೋಡಿ, ಪಾರ್ಶ್ವವಾಯು ಆದ ಕೈಗೆ ನೋವು ತಿಳಿಯದೇ ಇರಬಹುದು. ಸಾರು-ಅನ್ನಕ್ಕೆ ಎತ್ತರ ಅಂಚಿನ ತಟ್ಟೆ, ಅದರಡಿ ಒದ್ದೆ ಬಟ್ಟೆ ಸಾಕು. ನುಂಗುವಾಗ ಕೆಮ್ಮು ಬರುತ್ತಿದ್ದರೆ ಚಮಚದ ಯೋಚನೆಗೆ ಮುಂಚೆ ವೈದ್ಯರಿಗೆ ತೋರಿಸಿ.