ಸಾಹುಕಾರ ಕೊಟ್ಟ ಕಣಿವೆ ಅದಕ್ಕೂ ಮೊದಲು ಯಾರದ್ದು?

(ಸಾಗರದ ಹಿರಿಯ ಓದುಗರೊಬ್ಬರು ಮಗಳ ಮನೆಗೆಂದು ಅಮೆರಿಕದ ರಾಚೆಸ್ಟರ್‌ಗೆ ಹೋಗಿದ್ದಾರೆ. ಮಗಳು, ಅಳಿಯ ಅವರನ್ನು ಲೆಚ್‌ವರ್ತ್ ಸ್ಟೇಟ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದಾರೆ. ಮೂರು ಜಲಪಾತ ನೋಡಿ ಬಂದು ನಮಗೆ ಬರೆದಿದ್ದಾರೆ: "ಒಬ್ಬ ಸಾಹುಕಾರ ಇದನ್ನೆಲ್ಲ ಜನರಿಗೆ ದಾನ ಕೊಟ್ಟ ಅಂತ ಅಲ್ಲಿ ಓದಿದೆ. ಒಳ್ಳೆಯದೇ. ಆದರೆ ಒಂದು ಹೊಳೆ, ಅದರ ಅಬ್ಬಿ, ಸುತ್ತಲ ಗುಡ್ಡ ಒಬ್ಬನ ಕೈಗೆ ಬಂದದ್ದಾದರೂ ಹೇಗೆ? ಹಾಗೆ ಅಲ್ಲೊಬ್ಬ ಉಳಿಸಿದ, ನಮ್ಮ ಜೋಗಕ್ಕೆ ಅಂಥವನೊಬ್ಬ ಯಾಕೆ ಸಿಗಲಿಲ್ಲ?" ಮಂಡಿನೋವಿದ್ದರೂ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹೋಗಬಹುದಾ ಎಂದೂ ಕೇಳಿದ್ದಾರೆ.)

ಅಮ್ಮ, ನಮಸ್ಕಾರ.

ಪ್ರವಾಸಕ್ಕೆ ಹೋದವರು ಸಾಮಾನ್ಯವಾಗಿ ಜಲಪಾತದ ಎತ್ತರ ಕೇಳುತ್ತಾರೆ. ನೀವು ಜಾಗದ ಖಾತೆ ಯಾರ ಹೆಸರಲ್ಲಿತ್ತು ಎಂದು ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಎತ್ತರದ ಲೆಕ್ಕ ಬೇಗ ಮುಗಿಸಿಬಿಡುತ್ತೇನೆ. ಮೇಲಿನ ಜಲಪಾತ ಸುಮಾರು 70 ಅಡಿ, ನಡುವಿನದು 107 ಅಡಿ, ಕೆಳಗಿನದು ಮತ್ತೆ 70 ಅಡಿ. 830 ಅಡಿಯ ಜೋಗ ನೋಡಿ ಬೆಳೆದವರಿಗೆ ಇದು ಏನೂ ಅಲ್ಲ. ಅಲ್ಲಿ ದೊಡ್ಡದು ಕಣಿವೆ. ಕೆಲವು ಕಡೆ ಬಂಡೆಯ ಗೋಡೆ 550 ಅಡಿ ಎತ್ತರವಿದೆ. ಪಾರ್ಕ್ ಸುಮಾರು 17 ಮೈಲಿ ಉದ್ದ, 14,000 ಎಕರೆಗೂ ಜಾಸ್ತಿ. ಜೆನೆಸೀ ನದಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ನಿಮ್ಮ ಮಗಳ ಊರನ್ನು ದಾಟಿ ಒಂಟಾರಿಯೊ ಸರೋವರ ಸೇರುತ್ತದೆ. ಹಿಮಯುಗದಲ್ಲಿ ಹಿಮನದಿಗಳು ತಂದು ಸುರಿದ ಮಣ್ಣು, ಕಲ್ಲು ಅದರ ಹಳೆಯ ದಾರಿಯನ್ನು ಮುಚ್ಚಿಬಿಟ್ಟವು. ಹೊಳೆ ಬೇರೆ ದಾರಿ ಹುಡುಕಿ ಪದರಗಲ್ಲನ್ನು ಕೊರೆಯುತ್ತಾ ಹೋಯಿತು. ನೀವು ನೋಡಿದ ಕಣಿವೆ ಹಾಗೆ ಆದದ್ದು. ಅಂದರೆ ಭೂಮಿಯ ಲೆಕ್ಕದಲ್ಲಿ ಅದಿನ್ನೂ ಹೊಸ ಕಣಿವೆ.

ಈಗ ಖಾತೆಯ ವಿಷಯ.

ಈ ಕಣಿವೆ ಸೆನೆಕಾ ಜನರದ್ದು. ಇರೊಕ್ವಾ ಒಕ್ಕೂಟದ ಆರು ಬುಡಕಟ್ಟುಗಳಲ್ಲಿ ಪಶ್ಚಿಮದ ಬಾಗಿಲು ಕಾಯುತ್ತಿದ್ದವರು ಇವರು. ಜೋಳ, ಹುರುಳಿಕಾಯಿ, ಕುಂಬಳ ಬೆಳೆದುಕೊಂಡು ದೊಡ್ಡ ಊರುಗಳಲ್ಲಿ ಇದ್ದರು. ಹೊಲ ಹೆಂಗಸರ ಕೈಯಲ್ಲಿ, ವಂಶ ತಾಯಿಯ ಕಡೆಯಿಂದ. ನಮ್ಮ ಕರಾವಳಿಯ ಅಳಿಯಕಟ್ಟು ಗೊತ್ತಿದ್ದವರಿಗೆ ಇದು ವಿಚಿತ್ರ ಅನ್ನಿಸಲಾರದು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೆನೆಕಾಗಳಲ್ಲಿ ಹೆಚ್ಚಿನವರು ಬ್ರಿಟಿಷರ ಕಡೆ ನಿಂತರು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಆಜ್ಞೆಯಂತೆ ಜನರಲ್ ಸಲಿವನ್‌ನ ಸೇನೆ ಜೆನೆಸೀವರೆಗೂ ಬಂದು ಊರುಗಳನ್ನೂ ಕೊಯ್ಲಿಗೆ ಬಂದ ಜೋಳವನ್ನೂ ಸುಟ್ಟುಹಾಕಿತು. 1797ರಲ್ಲಿ ಬಿಗ್ ಟ್ರೀ ಎಂಬಲ್ಲಿ ಒಪ್ಪಂದವಾಯಿತು. ಪಶ್ಚಿಮ ನ್ಯೂಯಾರ್ಕ್‌ನ ಹೆಚ್ಚುಕಡಿಮೆ ಎಲ್ಲ ನೆಲ ಒಂದು ಲಕ್ಷ ಡಾಲರಿಗೆ ರಾಬರ್ಟ್ ಮಾರಿಸ್ ಎಂಬ ವ್ಯಾಪಾರಿಯ ಕೈ ಸೇರಿತು. ಸೆನೆಕಾಗಳಿಗೆ ಅಲ್ಲಲ್ಲಿ ಕೆಲವು ತುಂಡು ಜಾಗ ಉಳಿಯಿತು. 1826ರ ಇನ್ನೊಂದು ಒಪ್ಪಂದದಲ್ಲಿ ಜೆನೆಸೀ ದಂಡೆಯ ಆ ತುಂಡುಗಳೂ ಹೋದವು. ಸಾಹುಕಾರ ಬರುವ ಹೊತ್ತಿಗೆ ಕಣಿವೆ ಖಾಲಿಯಾಗಿತ್ತು. ಖಾಲಿ ಇದ್ದದ್ದಲ್ಲ, ಖಾಲಿ ಮಾಡಿಸಿದ್ದು.

ಪಾರ್ಕ್‌ನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವ ಹೆಂಗಸಿನ ಕಂಚಿನ ಪ್ರತಿಮೆ ನೋಡಿದಿರಾ? ಅದು ಮೇರಿ ಜೆಮಿಸನ್. ಈ ಕಣಿವೆಯ ಬಗ್ಗೆ ಏನು ಹೇಳಬೇಕಾದರೂ ಆಕೆಯನ್ನು ಬಿಟ್ಟು ಹೇಳಲಾಗದು.

ಮೇರಿ ಹುಟ್ಟಿದ್ದು 1743ರಲ್ಲಿ, ಅಪ್ಪ ಅಮ್ಮ ಐರ್ಲೆಂಡಿನಿಂದ ಬರುತ್ತಿದ್ದ ಹಡಗಿನಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಬೇಸಾಯದ ಮನೆ. 1758ರಲ್ಲಿ ಫ್ರೆಂಚರು ಮತ್ತು ಶಾನೀ ಬುಡಕಟ್ಟಿನವರು ಆ ಮನೆಯ ಮೇಲೆ ಬಿದ್ದರು. ಮನೆಯವರಲ್ಲಿ ಹೆಚ್ಚಿನವರನ್ನು ಕೊಂದು ಮೇರಿಯನ್ನು ಒಯ್ದರು. ಆಗ ಆಕೆಗೆ ಹದಿನೈದರ ಆಸುಪಾಸು. ಯುದ್ಧದಲ್ಲಿ ತಮ್ಮನನ್ನು ಕಳೆದುಕೊಂಡಿದ್ದ ಇಬ್ಬರು ಸೆನೆಕಾ ಅಕ್ಕತಂಗಿಯರು ಅವನ ಜಾಗದಲ್ಲಿ ಈ ಹುಡುಗಿಯನ್ನು ತಮ್ಮ ಮನೆಗೆ ಸೇರಿಸಿಕೊಂಡರು. ಆಕೆ ಅಲ್ಲೇ ಬೆಳೆದಳು, ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಮತ್ತೆ ಮದುವೆಯಾದಳು. ಕೂಸನ್ನು ಬೆನ್ನಿಗೆ ಹಾಕಿಕೊಂಡು ನೂರಾರು ಮೈಲಿ ನಡೆದು ಜೆನೆಸೀಗೆ ಬಂದದ್ದು ಮೊದಲ ಮದುವೆಯಾದ ಮೇಲೆ. ಪ್ರತಿಮೆಯಲ್ಲಿರುವುದು ಆ ನಡಿಗೆ.

ಸಲಿವನ್‌ನ ಸೇನೆ ಊರು ಸುಟ್ಟ ವರ್ಷ ಮಕ್ಕಳನ್ನು ಕಟ್ಟಿಕೊಂಡು ಆಕೆ ನದಿಯ ಮೇಲ್ಭಾಗದ ಗಾರ್ಡೋ ಎಂಬ ಬಯಲಿಗೆ ಹೋದಳು. ಅಲ್ಲಿ ಜೋಳ ಬೆಳೆದುಕೊಂಡಿದ್ದವರು ಒಡೆಯರಿಂದ ತಪ್ಪಿಸಿಕೊಂಡು ಬಂದಿದ್ದ ಇಬ್ಬರು ಕಪ್ಪು ಗುಲಾಮರು. ಅವರ ಹೊಲದಲ್ಲಿ ಜೋಳ ಸುಲಿದು ಚಳಿಗಾಲಕ್ಕೆ ಕಾಳು ಸಂಪಾದಿಸಿದಳು. ಸುಮ್ಮನೆ ಒಮ್ಮೆ ಯೋಚಿಸಿ ನೋಡಿ: ಸೆರೆಯಾಗಿ ಬಂದ ಬಿಳಿ ಹೆಂಗಸು, ಆಕೆಯ ಸೆನೆಕಾ ಮಕ್ಕಳು, ಓಡಿಬಂದ ಇಬ್ಬರು ಗುಲಾಮರು, ಒಂದೇ ಹೊಲದಲ್ಲಿ. ಅಮೆರಿಕದ ಚರಿತ್ರೆಯ ದಪ್ಪ ಪುಸ್ತಕಗಳಿಗಿಂತ ಈ ಒಂದು ಚಳಿಗಾಲ ನನಗೆ ಹೆಚ್ಚು ಹೇಳುತ್ತದೆ.

ಯುದ್ಧ ಮುಗಿದ ಮೇಲೆ ಬಿಳಿಯರ ನಡುವೆ ವಾಪಸ್ ಹೋಗುವ ಅವಕಾಶ ಸಿಕ್ಕಿತು. ಹೋಗಲಿಲ್ಲ. ತನ್ನ ಮಕ್ಕಳನ್ನು ಅಲ್ಲಿನ ನೆಂಟರು ಕೀಳಾಗಿ ಕಂಡಾರು ಎಂಬ ಅಳುಕು. 1797ರ ಒಪ್ಪಂದದಲ್ಲಿ ಗಾರ್ಡೋ ಬಯಲನ್ನು ಆಕೆಗೇ ಬಿಟ್ಟರು, 17,927 ಎಕರೆ. ರೆಡ್ ಜಾಕೆಟ್ ಎಂಬ ಸೆನೆಕಾ ನಾಯಕ ಇದನ್ನು ವಿರೋಧಿಸಿದ, ನಡೆಯಲಿಲ್ಲ. ಆದರೆ ಸುತ್ತ ಬಿಳಿಯರ ಊರುಗಳು ಎದ್ದಂತೆ ಆಕೆಯ ನೆಲವೂ ಕರಗಿತು. 1823ರಲ್ಲಿ ಹೆಚ್ಚಿನದನ್ನು ಮಾರಿದಳು. ಅದೇ ವರ್ಷ ತನ್ನ ಕಥೆಯನ್ನು ಒಬ್ಬ ವೈದ್ಯನಿಗೆ ಹೇಳಿ ಬರೆಸಿದಳು. ನಮಗೆ ಇಷ್ಟೆಲ್ಲ ಗೊತ್ತಿರುವುದು ಅದರಿಂದ. ಕೊನೆಗೆ ಬಫಲೋ ಕ್ರೀಕ್‌ನಲ್ಲಿದ್ದ ಸೆನೆಕಾಗಳ ಜೊತೆ ಇರಲು ಹೊರಟುಹೋದಳು, ಅಲ್ಲೇ 1833ರಲ್ಲಿ ತೀರಿಕೊಂಡಳು.

ಇನ್ನು ನಿಮ್ಮ ಸಾಹುಕಾರ. ವಿಲಿಯಂ ಪ್ರಯರ್ ಲೆಚ್‌ವರ್ತ್, ಬಫಲೋ ಪಟ್ಟಣದವನು, ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಮನೆತನ, ಮದುವೆಯಾಗಲಿಲ್ಲ. ಕುದುರೆ ಜೀನಿಗೆ ಬೇಕಾದ ಕಬ್ಬಿಣದ ಸಾಮಾನಿನ ವ್ಯಾಪಾರದಲ್ಲಿ ದುಡ್ಡು ಮಾಡಿದ. ಮೇಲಿನ ಜಲಪಾತದ ನೆತ್ತಿಯ ಮೇಲೆ 1852ರಲ್ಲೇ ರೈಲು ಸೇತುವೆ ಆಗಿತ್ತು. ಪೂರ್ತಿ ಮರದ್ದು, 234 ಅಡಿ ಎತ್ತರ. ಆ ಸೇತುವೆಯಿಂದ ಕಣಿವೆ ನೋಡಿ ಆತ ಮನಸೋತ, 1859ರಲ್ಲಿ ನಡುವಿನ ಜಲಪಾತದ ಪಕ್ಕ ಜಾಗ ಕೊಂಡ. ಸಾಹುಕಾರರು ನೋಟಕ್ಕೆ ಮನಸೋತು ಬಂಗಲೆ ಕಟ್ಟುವುದು ಹೊಸದಲ್ಲ. ಆದರೆ ಆಗ ಅಲ್ಲಿದ್ದದ್ದು ಸ್ವರ್ಗವೇನಲ್ಲ. ಮರದ ಮಿಲ್ಲುಗಳು ಕಾಡನ್ನು ಬೋಳಿಸಿದ್ದವು. ಪಕ್ಕದಲ್ಲೇ ಜೆನೆಸೀ ವ್ಯಾಲಿ ಕಾಲುವೆಗೆಂದು ಗುಡ್ಡ ಕಡಿದಿದ್ದರು. ಆತ ಒಂದೊಂದೇ ತುಂಡು ಕೊಂಡು, ಗಿಡ ನೆಟ್ಟು, ದಾರಿ ಮಾಡಿ, ಸುಮಾರು 1,000 ಎಕರೆ ಸೇರಿಸಿದ. ನೀವು ಕಂಡ ಕಾಡಿನಲ್ಲಿ ಎಷ್ಟೋ ಭಾಗ ಮತ್ತೆ ಬೆಳೆಸಿದ್ದು. ಆತನ ಮನೆ ಗ್ಲೆನ್ ಐರಿಸ್ ಈಗ ಹೋಟೆಲ್ ಆಗಿದೆ.

ಆ ಮರದ ಸೇತುವೆ 1875ರ ಮೇ 6ರಂದು ಸುಟ್ಟು ಬೂದಿಯಾಯಿತು. ಜುಲೈ ಕೊನೆಗೆ ಅದೇ ಜಾಗದಲ್ಲಿ ಕಬ್ಬಿಣದ ಸೇತುವೆ ನಿಂತಿತ್ತು. ಮೂರು ತಿಂಗಳೂ ಹಿಡಿಯಲಿಲ್ಲ! ನಮ್ಮೂರ ಹೊಳೆಯ ಸೇತುವೆಗೆ ಟೆಂಡರ್ ಕರೆಯಲೂ ಅಷ್ಟು ದಿನ ಸಾಲದು, ಅಲ್ವಾ? ನೀವು ನೋಡಿದ ಕಮಾನು ಸೇತುವೆ ಅದಲ್ಲ, 2017ರದ್ದು.

ಲೆಚ್‌ವರ್ತ್‌ನ ಬಗ್ಗೆ ನನಗೆ ಗೌರವ ಹುಟ್ಟುವುದು ಇನ್ನೊಂದು ಕೆಲಸಕ್ಕೆ. ವ್ಯಾಪಾರ ಬಿಟ್ಟ ಮೇಲೆ 1873ರಲ್ಲಿ ನ್ಯೂಯಾರ್ಕ್ ರಾಜ್ಯದ ದತ್ತಿ ಮಂಡಳಿಗೆ ಸೇರಿ, ಆಮೇಲೆ ಹತ್ತು ವರ್ಷ ಅದರ ಅಧ್ಯಕ್ಷನಾಗಿದ್ದ. ಆಗ ಬಡ ಮಕ್ಕಳನ್ನು ಮುದುಕರು, ಹುಚ್ಚರು, ರೋಗಿಗಳ ಜೊತೆ ಒಟ್ಟಿಗೆ ಬಡವರ ಆಶ್ರಯಮನೆಗಳಲ್ಲಿ ತುಂಬುತ್ತಿದ್ದರು. ಆತ ಊರೂರು ತಿರುಗಿ ಅವುಗಳ ಒಳಗೆ ಹೋಗಿ ನೋಡಿ ವರದಿ ಬರೆದ. 1875ರಲ್ಲಿ ಮಕ್ಕಳನ್ನು ಅಲ್ಲಿಂದ ಹೊರತರುವ ಕಾಯ್ದೆಯಾಯಿತು. ಇದರ ಕಹಿ ಬಾಲವನ್ನೂ ಹೇಳಬೇಕು. ಆತ ಸತ್ತ ಮೇಲೆ ಬುದ್ಧಿಮಾಂದ್ಯರಿಗೆಂದು ಆತನ ಹೆಸರಿನಲ್ಲೇ ತೆರೆದ ಲೆಚ್‌ವರ್ತ್ ವಿಲೇಜ್ ಎಂಬ ದೊಡ್ಡ ಆಶ್ರಯಧಾಮ, 1972ರ ಹೊತ್ತಿಗೆ ಟಿವಿಯಲ್ಲಿ ದೇಶವೇ ತಲೆತಗ್ಗಿಸುವಂಥ ಸ್ಥಿತಿಗೆ ಬಂದಿತ್ತು.

ಸೆನೆಕಾಗಳ ವಿಷಯದಲ್ಲಿ ಆತ ನಡೆದುಕೊಂಡ ರೀತಿಯೂ ಸರಳವಲ್ಲ. ಕ್ಯಾನಡೀಯ ಎಂಬಲ್ಲಿ ಅವರ ಹಳೆಯ ಸಭೆಯ ಮನೆ ಹಾಳುಬೀಳುತ್ತಿತ್ತು. ಅದನ್ನು ಕೊಂಡು, ಬಿಚ್ಚಿ, ತಂದು ತನ್ನ ಜಾಗದಲ್ಲಿ ಮತ್ತೆ ನಿಲ್ಲಿಸಿದ. 1872ರ ಅಕ್ಟೋಬರ್ 1ರಂದು ಅಲ್ಲಿ ಸೆನೆಕಾ ಮತ್ತು ಅದೇ ಒಕ್ಕೂಟದ ಮೋಹಾಕ್ ಮುಖಂಡರ ಮೊಮ್ಮಕ್ಕಳನ್ನು ಕರೆಸಿ ಸಭೆ ನಡೆಸಿದ. ಅಮೆರಿಕದ ಮಾಜಿ ಅಧ್ಯಕ್ಷ ಫಿಲ್‌ಮೋರ್ ಕೂಡ ಬಂದಿದ್ದ. ಸೆನೆಕಾಗಳು ಲೆಚ್‌ವರ್ತ್‌ಗೆ ತಮ್ಮ ಹೆಸರೊಂದನ್ನೂ ಕೊಟ್ಟರು. ಬಫಲೋ ಬೆಳೆದು ಮೇರಿಯ ಸಮಾಧಿಗೆ ಅಪಾಯ ಬಂದಾಗ, 1874ರಲ್ಲಿ ಆಕೆಯ ಮೂಳೆಗಳನ್ನು ಕುಟುಂಬದವರ ಒಪ್ಪಿಗೆಯಿಂದ ತಂದು ಆ ಸಭೆಯ ಮನೆಯ ಹತ್ತಿರ ಮಣ್ಣು ಮಾಡಿಸಿದ. ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಮುಖಂಡರ ಮೊಮ್ಮಕ್ಕಳು ತಮ್ಮದೇ ಕಣಿವೆಗೆ ಅತಿಥಿಗಳಾಗಿ ಬಂದು ಸಂಜೆ ಎದ್ದು ಹೋದರು. ಮನೆ ಉಳಿಯಿತು, ನೆಲ ವಾಪಸ್ ಬರಲಿಲ್ಲ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ಬೇಡ ಎಂಬುದಷ್ಟೇ ನನ್ನ ಮಾತು.

ಈಗ ಜೋಗದ ಪ್ರಶ್ನೆ. ಲೆಚ್‌ವರ್ತ್ ದಾನ ಕೊಟ್ಟದ್ದು ಬರೀ ಉದಾರತೆಯಿಂದಲ್ಲ, ಹೆದರಿಕೆಯಿಂದ. 1898ರಲ್ಲಿ ಜೆನೆಸೀ ರಿವರ್ ಕಂಪನಿಗೆ ಜಲಪಾತಗಳ ಮೇಲ್ಗಡೆ, ಪೋರ್ಟೇಜ್ ಎಂಬಲ್ಲಿ ಅಣೆಕಟ್ಟು ಕಟ್ಟಲು ರಾಜ್ಯದಿಂದ ಅನುಮತಿ ಸಿಕ್ಕಿತ್ತು. ಕೆಳಗಿನ ಮಿಲ್ಲುಗಳಿಗೆ ನೀರು ಬೇಕು, ಕರೆಂಟು ಬೇಕು. ಮುದುಕನಿಗೆ ಅರ್ಥವಾಯಿತು: ತಾನು ಸತ್ತರೆ ಜಾಗ ವಾರಸುದಾರರಿಗೆ ಹೋಗುತ್ತದೆ, ವಾರಸುದಾರರಿಂದ ಕಂಪನಿಗೆ. ಅದಕ್ಕೇ 1906ರಲ್ಲಿ, ವಯಸ್ಸು 83 ಆಗಿದ್ದಾಗ, ಸಾಯುವ ತನಕ ತಾನು ಅಲ್ಲೇ ಇರುತ್ತೇನೆ, ಜಾಗ ಸಾರ್ವಜನಿಕ ಪಾರ್ಕ್ ಆಗಿರಬೇಕು ಎಂದು ಬರೆದು ರಾಜ್ಯಕ್ಕೆ ಕೊಡಲು ಮುಂದಾದ. 1907ರ ಆರಂಭದಲ್ಲಿ ರಾಜ್ಯ ಅದನ್ನು ಕಾಯ್ದೆ ಮಾಡಿ ಒಪ್ಪಿಕೊಂಡಿತು. ಅಣೆಯ ಮಾತು ಆಮೇಲೂ ಕೆಲವು ವರ್ಷ ನಡೆಯಿತು. ಆದರೆ ಕಾಯ್ದೆ ಅಡ್ಡ ನಿಂತಿತು. ಜಲಪಾತವನ್ನು ಹೊಗಳಿದವರು ಬಹಳ ಜನ. ಅದನ್ನು ಉಳಿಸಿದ್ದು ಆ ಕಾಗದ. ಆತ 1910ರ ಡಿಸೆಂಬರ್‌ನಲ್ಲಿ ತೀರಿಕೊಂಡ.

ಹಾಗಂತ ಅಣೆಕಟ್ಟು ಬರಲೇ ಇಲ್ಲ ಅಂತಲ್ಲ. ಪಾರ್ಕ್‌ನ ಉತ್ತರದ ತುದಿಯಲ್ಲಿ, ಜಲಪಾತಗಳ ಕೆಳಗೆ, 1948ರಿಂದ 1952ರ ನಡುವೆ ಮೌಂಟ್ ಮಾರಿಸ್ ಅಣೆ ಎದ್ದಿತು. ಅದು ಕರೆಂಟಿಗಲ್ಲ, ರಾಚೆಸ್ಟರ್‌ಗೆ ನೆರೆ ಬರದಿರಲಿ ಎಂದು. ಸಾಮಾನ್ಯ ದಿನಗಳಲ್ಲಿ ಹಿಂದೆ ನೀರೇ ನಿಲ್ಲುವುದಿಲ್ಲ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ ಬಂದಾಗ ಅದು ಹೆಚ್ಚುಕಡಿಮೆ ತುಂಬಿಹೋಗಿತ್ತು. ಮಗಳ ಊರು ಆ ಸಲ ಉಳಿದದ್ದರಲ್ಲಿ ಅದರ ಪಾಲು ದೊಡ್ಡದು.

ಶರಾವತಿಯ ಕಥೆ ಬೇರೆ. ಅಲ್ಲಿ ಒಬ್ಬ ಖಾಸಗಿ ಒಡೆಯನಿರಲಿಲ್ಲ, ಕರೆಂಟು ಬೇಕೆಂದದ್ದೂ ಕಂಪನಿಯಲ್ಲ, ಸರಕಾರವೇ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದಾಗ ಕತ್ತಲಲ್ಲಿದ್ದ ಊರುಗಳಿಗೆ ಅದು ಹಬ್ಬ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ್ದು ನಿಮ್ಮ ಕಡೆಯ ತೋಟ, ಗದ್ದೆ, ಮನೆಗಳು. ಯಾರ ನೆಲ ಹೋಯಿತು, ಯಾರ ಮನೆಗೆ ದೀಪ ಬಂತು ಎಂಬ ಪ್ರಶ್ನೆ ನಿಮಗೆ ನಾನು ಹೇಳಿಕೊಡಬೇಕಾದದ್ದಲ್ಲ. ಒಬ್ಬ ಲೆಚ್‌ವರ್ತ್ ಅಲ್ಲಿದ್ದರೂ ಆಗ ನಡೆಯುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಹಾಗೆ ನೋಡಿದರೆ ನಿಮ್ಮ ಪಾಡು ಲೆಚ್‌ವರ್ತ್‌ಗಿಂತ ಗಾರ್ಡೋ ಬಯಲಿನ ಮೇರಿಯ ಪಾಡಿಗೆ ಹತ್ತಿರ.

ಕೊನೆಗೆ ಮಂಡಿನೋವು. ಖಂಡಿತ ಹೋಗಿ, ಅಕ್ಟೋಬರ್ ನಡುವಿನಲ್ಲಿ ಎಲೆಗಳು ಬಣ್ಣ ತಿರುಗಿರುತ್ತವೆ. ಜನವೂ ಆಗಲೇ ಜಾಸ್ತಿ, ಶನಿವಾರ ಭಾನುವಾರ ತಪ್ಪಿಸಿ. ನಡುವಿನ ಜಲಪಾತ ಕಾಣಲು ಕಾರಿನಿಂದ ಹೆಚ್ಚು ನಡೆಯಬೇಕಾಗಿಲ್ಲ. ಇನ್‌ಸ್ಪಿರೇಷನ್ ಪಾಯಿಂಟ್‌ನಲ್ಲಿ ನಿಂತರೆ ಜಲಪಾತವೂ ಸೇತುವೆಯೂ ಒಟ್ಟಿಗೆ ಸಿಗುತ್ತವೆ. ಕೆಳಗಿನ ಜಲಪಾತಕ್ಕೆ ನೂರಕ್ಕೂ ಜಾಸ್ತಿ ಮೆಟ್ಟಿಲು ಇಳಿಯಬೇಕು, ಇಳಿದಷ್ಟನ್ನೂ ಹತ್ತಬೇಕು. ಅದನ್ನು ಮಗಳು, ಅಳಿಯನಿಗೆ ಬಿಡಿ. ಆ ಹೊತ್ತಿನಲ್ಲಿ ನೀವು ಸಭೆಯ ಮನೆ, ಮೇರಿಯ ಪ್ರತಿಮೆ ಇರುವ ದಿಬ್ಬದ ಮೇಲೆ ಕೂತಿರಿ. ಅಲ್ಲಿಯವರೆಗೂ ಕಾರು ಹತ್ತಿರ ಹೋಗುತ್ತದೆ.

— ಸಂಪಾದಕ