ಹಳೆ ಕಾರಿಗೆ ಸ್ಪೀಕರ್: ಮೊದಲು ಆಳ ಅಳೆಯಿರಿ

ಹಳೆ ಚಿಕ್ಕ ಕಾರಿನ ಮುಂದಿನ ಬಾಗಿಲಿನ ಸ್ಪೀಕರ್ ಹರಿದಿದೆ, ಕಾರಿನ ಜೊತೆ ಬಂದ ಸ್ಟೀರಿಯೋ ಇಟ್ಟುಕೊಂಡೇ 300 ವ್ಯಾಟ್‌ನದ್ದು ಹಾಕಲಾ ಅಂತ ಕೇಳಿದ್ದೀರಿ. ಬೇಡ. ಡಬ್ಬದ ಮೇಲಿನ ಆ 300 ಬರೀ ಪೀಕ್ ಲೆಕ್ಕ, ಅಂದರೆ ಕ್ಷಣಮಾತ್ರ ತಡೆಯುವ ಗರಿಷ್ಠ. ಇಂಥ ಸ್ಟೀರಿಯೋ ಒಂದೊಂದು ಸ್ಪೀಕರಿಗೆ ಕೊಡುವುದು ಸಾಮಾನ್ಯವಾಗಿ 15–20 ವ್ಯಾಟ್ ಆರ್‌ಎಂಎಸ್ (ಸತತವಾಗಿ ಸಿಗುವ ಪವರ್) ಅಷ್ಟೇ. ಅದಕ್ಕೇ ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಜೋರಾಗಿ ಕೇಳಿಸುತ್ತೆ ಅನ್ನೋದು) ನೋಡಿ, 90 ಡೆಸಿಬೆಲ್ ಮೇಲಿರಲಿ. 3 ಡೆಸಿಬೆಲ್ ಜಾಸ್ತಿ ಸಿಕ್ಕರೆ ಪವರ್ ಎರಡರಷ್ಟು ಮಾಡಿದ ಹಾಗೆ, ಅದೂ ಪುಕ್ಕಟೆ! ಓಮ್ (ಸ್ಪೀಕರಿನ ವಿದ್ಯುತ್ ತಡೆ) ಹಳೆಯದರಷ್ಟೇ ಇರಲಿ.

ಕೊಳ್ಳುವ ಮೊದಲು ಗಾಜು ಪೂರ್ತಿ ಇಳಿಸಿ, ಸ್ಪೀಕರ್ ಕೂರುವ ಜಾಗದಿಂದ ಗಾಜಿನವರೆಗಿನ ಆಳ ಅಳೆಯಿರಿ. ನಾನು ಅಗಲ ಮಾತ್ರ ನೋಡಿ ತಂದಿದ್ದೆ. ಗಾಜು ಅರ್ಧ ಇಳಿದು ಸ್ಪೀಕರಿನ ಬೆನ್ನಿನ ಮ್ಯಾಗ್ನೆಟ್‌ಗೆ ಟಕ್ ಅಂತ ಬಡಿದು ನಿಂತಿತು. ಕೊನೆಗೆ ಪ್ಲಾಸ್ಟಿಕ್ ಸ್ಪೇಸರ್ ರಿಂಗ್ ಹಾಕಿ ಸ್ಪೀಕರನ್ನು ಮುಂದಕ್ಕೆ ತಂದೆ. ಕಾರಿನ ಹಿಂಭಾಗದ ಸ್ಪೀಕರುಗಳು ಸರಿಯಿದ್ದರೆ ಸುಮ್ನೆ ಬಿಡಿ.